ಕ್ಯಾರಿ ಆನ್ ಕೌಬಾಯ್ (1965): ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಇಂಗ್ಲಿಷ್ ಹಾಸ್ಯಚಿತ್ರಗಳ ಮಾತು ಬಂದಾಗಲೆಲ್ಲ ನಾನು ಈ ಚಿತ್ರದ ಹೆಸರು ಎತ್ತುತ್ತೇನೆ. ಎತ್ತಿದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ. ಪ್ರತಿಸಲವೂ ಬಾಯಿಪಾಠ ಒಪ್ಪಿಸುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಚಿತ್ರ?

1965ರಲ್ಲಿ ತಯಾರಾದ ಬ್ರಿಟಿಷ್ ಬಣ್ಣದ ಚಿತ್ರ, ಸುಮಾರು ಒಂದೂವರೆ ಗಂಟೆಯದು. ನಿರ್ದೇಶನ ಜೆರಾಲ್ಡ್ ಥಾಮಸ್, ನಿರ್ಮಾಣ ಪೀಟರ್ ರೋಜರ್ಸ್, ಬರವಣಿಗೆ ಟಾಲ್ಬಟ್ ರಾಥ್‌ವೆಲ್. ‘ಕ್ಯಾರಿ ಆನ್’ ಮಾಲಿಕೆಯಲ್ಲಿ ಹನ್ನೊಂದನೆಯದು. ಕುದುರೆ, ಕೋವಿ, ಷರೀಫ್ (ಊರಿನ ಪೊಲೀಸ್ ಅಧಿಕಾರಿ), ಸಲೂನು (ಕ್ಷೌರದಂಗಡಿಯಲ್ಲ, ಹೆಂಡದಂಗಡಿ), ನೇಣುಗಂಬ, ನಡುಮಧ್ಯಾಹ್ನದ ಕಾಳಗ ಹೀಗೆ ಹಾಲಿವುಡ್‌ನ ವೆಸ್ಟರ್ನ್, ಅಂದರೆ ಕೌಬಾಯ್ ಚಿತ್ರಗಳ ಸಾಮಾನು ಸರಂಜಾಮನ್ನೆಲ್ಲ ಎರವಲು ತಂದು ಇಂಗ್ಲಿಷರು ಆಡಿದ ಆಟ.

ಕಥೆ ಏನು?

ಕೊನೆಯನ್ನೂ ಹೇಳಿಬಿಡುತ್ತೇನೆ. ಈ ಚಿತ್ರದ ರುಚಿ ‘ಮುಂದೇನಾಗುತ್ತದೆ’ ಎಂಬುದರಲ್ಲಿ ಇಲ್ಲ.

ಜಾನಿ ಫಿಂಗರ್ ಎಂಬ ಪುಂಡ ಸ್ಟಾಡ್ಜ್ ಸಿಟಿ ಎಂಬ ಊರಿಗೆ ಬರುತ್ತಾನೆ. ಇವನನ್ನು ರಂಪೋ ಕಿಡ್ ಎಂದೂ ಕರೆಯುತ್ತಾರೆ. ಬೀದಿಯಲ್ಲಿ ಮೂವರು ಎದುರಾಗುತ್ತಾರೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮೂವರನ್ನೂ ಉರುಳಿಸುತ್ತಾನೆ. ಆಮೇಲೆ, ಇವರಿಗೆ ಏನು ಬೇಕಾಗಿತ್ತೋ ಏನೋ ಎಂದು ತನ್ನಷ್ಟಕ್ಕೆ ಅಚ್ಚರಿಪಡುತ್ತಾನೆ. ಊರಿನ ಮೇಯರ್, ಹನಿ ಮದ್ಯವನ್ನೂ ಮುಟ್ಟದ ಮಡಿವಂತ ಜಡ್ಜ್ ಬರ್ಕ್ ಕಂಗಾಲಾಗುತ್ತಾನೆ. ಷರೀಫ್ ಆಲ್ಬರ್ಟ್ ಅರ್ಪ್‌ಗೆ ಕಣ್ಣೂ ಮಂದ, ಕಿವಿಯೂ ಮಂದ. ಪಾಪ, ಅವನೂ ಸಾಯುತ್ತಾನೆ. ಸಲೂನು ರಂಪೋನ ವಶವಾಗುತ್ತದೆ, ಊರು ದನಗಳ್ಳರ ಬೀಡಾಗುತ್ತದೆ.

ಅತ್ತ ವಾಷಿಂಗ್ಟನ್‌ಗೆ ಒಬ್ಬ ಇಂಗ್ಲಿಷ್ ಯುವಕ ಬಂದಿಳಿಯುತ್ತಾನೆ. ಅಮೆರಿಕದ ಒಳಚರಂಡಿ ವ್ಯವಸ್ಥೆಯನ್ನೇ ಬದಲಾಯಿಸುತ್ತೇನೆಂದು ಹೊರಟ ನೈರ್ಮಲ್ಯ ಎಂಜಿನಿಯರ್. ಅವನ ಹೆಸರು ಮಾರ್ಷಲ್ ಪಿ. ನಟ್. ‘ಮಾರ್ಷಲ್’ ಎಂಬುದು ಹುದ್ದೆಯಲ್ಲ, ಅಪ್ಪ ಅಮ್ಮ ಇಟ್ಟ ಹೆಸರು. ಲೋಕೋಪಯೋಗಿ ಇಲಾಖೆ ಎಂದುಕೊಂಡು ಬೇರೊಂದು ಕಚೇರಿಗೆ ನುಗ್ಗುತ್ತಾನೆ. ಅಲ್ಲಿಯವರು ಇವನೇ ಕಾನೂನು ಕಾಪಾಡುವ ಮಾರ್ಷಲ್ ಎಂದು ತಿಳಿದು ಸ್ಟಾಡ್ಜ್ ಸಿಟಿಯನ್ನು ‘ಶುಚಿಗೊಳಿಸಲು’ ಕಳಿಸಿಬಿಡುತ್ತಾರೆ. ಕಳಿಸಿದವರ ಮನಸ್ಸಿನಲ್ಲಿರುವ ಕೊಳೆಯೇ ಬೇರೆ, ಹೋಗುವವನ ಮನಸ್ಸಿನಲ್ಲಿರುವ ಕೊಳೆಯೇ ಬೇರೆ.

ಅದೇ ಊರಿಗೆ ಅರ್ಪ್‌ನ ಮಗಳು ಆ್ಯನಿ ಓಕ್ಲಿಯೂ ಹೊರಟಿರುತ್ತಾಳೆ, ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಿಕೊಳ್ಳಲು. ಅವಳ ಗುರಿ ತಪ್ಪುವುದಿಲ್ಲ. ರಂಪೋ ಮಾರ್ಷಲ್‌ನನ್ನು ಮುಗಿಸಲು ರೆಡ್ ಇಂಡಿಯನ್ನರನ್ನು ಕಳಿಸುತ್ತಾನೆ, ದನಗಳ್ಳತನದ ಆರೋಪ ಹೊರಿಸಿ ನೇಣಿಗೆ ಏರಿಸುತ್ತಾನೆ. ಆ್ಯನಿ ಕಾಪಾಡುತ್ತಾಳೆ. ಒಮ್ಮೆ ಹೆದರಿ ಊರು ಬಿಟ್ಟ ರಂಪೋಗೆ, ತಾನು ಹೆದರಿದ್ದು ಒಬ್ಬ ಚರಂಡಿ ಎಂಜಿನಿಯರ್‌ಗೆ ಎಂದು ಗೊತ್ತಾದಾಗ ಮೈ ಉರಿದುಹೋಗುತ್ತದೆ. ಗ್ಯಾಂಗು ಕಟ್ಟಿಕೊಂಡು ನಡುಮಧ್ಯಾಹ್ನಕ್ಕೆ ಮರಳುತ್ತಾನೆ. ಬೀದಿ ಖಾಲಿ. ಬೀದಿಯ ಕೆಳಗೆ ಮಾತ್ರ ಖಾಲಿ ಇಲ್ಲ. ಮಾರ್ಷಲ್ ಚರಂಡಿಯೊಳಗಿದ್ದಾನೆ. ಒಂದು ಮ್ಯಾನ್‌ಹೋಲ್ ಮುಚ್ಚಳ ಏಳುತ್ತದೆ, ಗುಂಡು ಹಾರುತ್ತದೆ, ಮುಚ್ಚಳ ಮುಚ್ಚುತ್ತದೆ. ಇನ್ನೆಲ್ಲೋ ಇನ್ನೊಂದು ಏಳುತ್ತದೆ. ಹೆಗ್ಗಣ ಎಲ್ಲಿಂದ ತಲೆ ಹೊರಹಾಕುತ್ತದೆಂದು ಕೋಲು ಹಿಡಿದು ಕಾಯುವವರ ಪಾಡು ಗ್ಯಾಂಗಿನವರದು. ರಂಪೋ ಮಾತ್ರ ಸಲೂನು ನಡೆಸುತ್ತಿದ್ದ ಬೆಲ್‌ಳ ನೆರವಿನಿಂದ ತಪ್ಪಿಸಿಕೊಳ್ಳುತ್ತಾನೆ.

‘ಕ್ಯಾರಿ ಆನ್’ ಎಂದರೇನು? ಹಿಂದಿನ ಹತ್ತು ಚಿತ್ರಗಳನ್ನು ನೋಡಿರಬೇಕೆ?

ಬೇಕಿಲ್ಲ. ಒಂದರ ಕಥೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮೇಲಧಿಕಾರಿ ಬಂದಾಗ ಎದ್ದು ನಿಂತವರಿಗೆ ‘ನಿಮ್ಮ ಕೆಲಸ ಮುಂದುವರಿಸಿ’ ಎನ್ನುವ ಇಂಗ್ಲಿಷ್ ಮಾತು ಇದು. ‘ಇದೇನು ಅವಾಂತರ’ ಎನ್ನುವಾಗಲೂ ಅವರು ಇದೇ ಪದ ಬಳಸುತ್ತಾರೆ. ಎರಡು ಅರ್ಥವೂ ಈ ಚಿತ್ರಗಳಿಗೆ ಹೊಂದುತ್ತದೆ. 1958ರಲ್ಲಿ ಸೈನಿಕರ ಶಿಬಿರದ ಕಥೆಯಿಂದ ಶುರುವಾಗಿ, ಆಸ್ಪತ್ರೆ, ಶಾಲೆ, ಪೊಲೀಸ್ ಠಾಣೆ ಸುತ್ತಿ, 1978ರವರೆಗೆ ಹೆಚ್ಚುಕಡಿಮೆ ಪ್ರತಿವರ್ಷ ಬಂದವು. 1992ರಲ್ಲಿ ಬಂದ ಇನ್ನೊಂದು ನೆನಪಿನಲ್ಲಿ ಇಟ್ಟುಕೊಳ್ಳುವಂಥದ್ದಲ್ಲ. ಎಲ್ಲಕ್ಕೂ ಅದೇ ನಿರ್ದೇಶಕ, 1978ರವರೆಗಿನವಕ್ಕೆಲ್ಲ ಅದೇ ನಿರ್ಮಾಪಕ.

ನಟರೂ ಹೆಚ್ಚುಕಡಿಮೆ ಅವರೇ. ನಮ್ಮ ಕಂಪನಿ ನಾಟಕಗಳನ್ನು ನೆನೆಯಿರಿ: ನಿನ್ನೆ ರಾಜನಾಗಿದ್ದವನು ಇವತ್ತು ಶಾನುಭೋಗ, ಆದರೆ ಮೂಗು ಅದೇ, ನಗು ಅದೇ, ಪ್ರೇಕ್ಷಕರು ಚಪ್ಪಾಳೆ ತಟ್ಟುವುದೂ ಆ ನಗುವಿಗೇ. ಇಲ್ಲಿಯೂ ಹಾಗೆ. ಟೋಪಿ ಬದಲಾಗುತ್ತದೆ, ಆಸಾಮಿ ಬದಲಾಗುವುದಿಲ್ಲ.

ಪಾತ್ರಗಳ ಹೆಸರುಗಳಲ್ಲೇ ತಮಾಷೆ ಇದೆಯಂತಲ್ಲ?

ಇದೆ, ಅರ್ಧ ಜೋಕು ಅಲ್ಲೇ ಇದೆ. ಪಿ. ನಟ್ ಎಂಬುದನ್ನು ಜೋರಾಗಿ ಓದಿ: ಪೀನಟ್, ಅಂದರೆ ಕಡಲೆಕಾಯಿ. ಸ್ಟಾಡ್ಜ್ ಸಿಟಿ ಎಂಬುದು ಕಾನ್ಸಾಸ್‌ನ ಡಾಡ್ಜ್ ಸಿಟಿಯ ಅಣಕ. ‘ಸ್ಟಾಡ್ಜ್’ ಎಂದರೆ ತಿಂದ ಮೇಲೆ ಹೊಟ್ಟೆಯಲ್ಲಿ ಕಲ್ಲಿನಂತೆ ಕೂರುವ ರುಚಿಗೆಟ್ಟ ಊಟ, ಬ್ರಿಟಿಷ್ ಶಾಲೆಗಳ ಮಧ್ಯಾಹ್ನದ ಊಟದಂಥದ್ದು. ಕನ್ನಡಕ್ಕೆ ತರುವುದಾದರೆ ನಾನು ‘ತಂಗಳೂರು’ ಎನ್ನುತ್ತೇನೆ. ಅರ್ಥ ಸ್ವಲ್ಪ ಸರಿದರೂ ಹೊಟ್ಟೆಯ ಸಂಕಟ ಅದೇ.

ಆಲ್ಬರ್ಟ್ ಅರ್ಪ್ ಎಂಬುದು 1881ರಲ್ಲಿ ಟೂಂಬ್‌ಸ್ಟೋನ್ ಊರಿನ ಗುಂಡಿನ ಕಾಳಗದಿಂದ ಹೆಸರಾದ ಕಾನೂನು ಪಾಲಕ ವಯಾಟ್ ಅರ್ಪ್‌ನ ನೆರಳು. ರಂಪೋ ಕಿಡ್ ಎನ್ನುವಾಗ 1939ರ ‘ಸ್ಟೇಜ್‌ಕೋಚ್’ ಚಿತ್ರದಲ್ಲಿ ಜಾನ್ ವೇಯ್ನ್ ಮಾಡಿದ ರಿಂಗೋ ಕಿಡ್ ನೆನಪಾಗಬೇಕು. ಇನ್ನು ಜಾನಿ ಫಿಂಗರ್: ಜಾನಿ ರಿಂಗೋ ಎಂಬ ಪುಂಡ ನಿಜವಾಗಿಯೂ ಇದ್ದ. ರಿಂಗು ಹಾಕುವುದು ಬೆರಳಿಗೆ, ಅದಕ್ಕೇ ಫಿಂಗರ್ ಎಂಬುದು ನನ್ನ ಊಹೆ. ರಾಥ್‌ವೆಲ್ ಅವರ ತಲೆ ಓಡುತ್ತಿದ್ದುದು ಹಾಗೆಯೇ.

ಕ್ಲಿಂಟ್ ಈಸ್ಟ್‌ವುಡ್ ಚಿತ್ರಗಳ ಅಣಕವೇ ಇದು?

ಅಲ್ಲ. ಈಸ್ಟ್‌ವುಡ್ ನಟಿಸಿದ ಇಟಾಲಿಯನ್ ವೆಸ್ಟರ್ನ್ 1964ರಲ್ಲಿ ಇಟಲಿಯಲ್ಲಿ ಬಂದಿತ್ತು ನಿಜ, ಆದರೆ ಬ್ರಿಟನ್ನಿನ ಚಿತ್ರಮಂದಿರಗಳಿಗೆ ತಲುಪಿದ್ದು 1967ರಲ್ಲಿ. ಆದ್ದರಿಂದ ಇಲ್ಲಿ ಸುರುಟು ಕಚ್ಚಿಕೊಂಡ ಮೌನಿ ನಾಯಕನ ಅಣಕ ಹುಡುಕಬೇಡಿ.

ಇವರ ಕಣ್ಣಮುಂದೆ ಇದ್ದದ್ದು ಹಳೆಯ ಹಾಲಿವುಡ್ ಮತ್ತು ಟಿವಿ. ಐವತ್ತರ ದಶಕದ ಕೊನೆಯಿಂದ ಬ್ರಿಟಿಷ್ ಮನೆಗಳ ನಡುಮನೆಯಲ್ಲಿ ಸಂಜೆಯಾದರೆ ಕುದುರೆಗಳ ಗೊರಸಿನ ಸದ್ದು. ‘ಗನ್‌ಸ್ಮೋಕ್’ ಧಾರಾವಾಹಿ ಅಲ್ಲಿ ‘ಗನ್ ಲಾ’ ಎಂಬ ಹೆಸರಿನಲ್ಲಿ ಬರುತ್ತಿತ್ತು, ಅದರ ಊರೂ ಡಾಡ್ಜ್ ಸಿಟಿಯೇ. ಕೊನೆಯ ಕಾಳಗವಂತೂ 1952ರ ‘ಹೈ ನೂನ್’ ಚಿತ್ರಕ್ಕೆ ನೇರ ಸಲಾಮು: ಅದೇ ಗಡಿಯಾರ, ಅದೇ ಬಿಕೋ ಎನ್ನುವ ಬೀದಿ. ಊರಿನವರು ಬಾಗಿಲು ಹಾಕಿಕೊಂಡಾಗ ಗ್ಯಾರಿ ಕೂಪರ್ ಬೀದಿಯಲ್ಲಿ ಒಂಟಿಯಾಗಿ ನಿಂತಿದ್ದರು. ನಮ್ಮ ಕಡಲೆಕಾಯಿ ಮಾರ್ಷಲ್ ಬೀದಿಯಲ್ಲಿ ನಿಲ್ಲುವುದೇ ಇಲ್ಲ.

ಚಿತ್ರೀಕರಣ ಅಮೆರಿಕದಲ್ಲಿ ನಡೆಯಿತೆ?

ಲಂಡನ್ನಿನ ಪಕ್ಕದಲ್ಲಿ ನಡೆಯಿತು. ಊರಿನ ಬೀದಿ ಬಕಿಂಗ್‌ಹ್ಯಾಮ್‌ಷೈರ್‌ನ ಪೈನ್‌ವುಡ್ ಸ್ಟುಡಿಯೋದ್ದು. ಕಾಡು ಬೇಕಾದಾಗ ಸ್ಟುಡಿಯೋದ ಬೇಲಿಗೆ ಅಂಟಿಕೊಂಡಿರುವ ಬ್ಲ್ಯಾಕ್ ಪಾರ್ಕ್. ಬಯಲು ಬೇಕಾದಾಗ ಸರ‍್ರೆ ಜಿಲ್ಲೆಯ ಚಾಬಮ್ ಕಾಮನ್ ಎಂಬ ಕುರುಚಲು ಗಿಡಗಳ ಮೈದಾನ. ಅಮೆರಿಕದ ಪಶ್ಚಿಮದ ಸುಡುನೆಲಕ್ಕೆ ಇಂಗ್ಲೆಂಡಿನ ತಣ್ಣನೆಯ ಪೊದೆಗಳು ವೇಷ ಹಾಕಿವೆ. ಸರಿಯಾಗಿ ನೋಡಿದರೆ ಹಸಿರು ಸ್ವಲ್ಪ ಜಾಸ್ತಿಯೇ ಕಾಣುತ್ತದೆ.

ನನಗೆ ಇದು ದೋಷವೆನಿಸುವುದಿಲ್ಲ. ರಾಮನಗರದ ಬಂಡೆಗಳು ‘ಶೋಲೆ’ಗೆ ಡಕಾಯಿತರ ಕಣಿವೆಯಾಗಲಿಲ್ಲವೆ? ವೆಸ್ಟರ್ನ್ ಎಂಬುದು ಭೂಪಟದಲ್ಲಿರುವ ಜಾಗವಲ್ಲ. ಒಂದು ಬಯಲು, ಒಂದು ಕುದುರೆ, ಧೂಳು ಇದ್ದರೆ ಅದು ಎಲ್ಲಿ ಬೇಕಾದರೂ ಹುಟ್ಟುತ್ತದೆ. ಸರ‍್ರೆಯಲ್ಲಿ ಧೂಳಿಗೆ ಕೊಂಚ ಬರ, ಅಷ್ಟೆ.

ಸಿಡ್ ಜೇಮ್ಸ್ ಅವರನ್ನು ಯಾಕೆ ಅಷ್ಟು ಹೊಗಳುತ್ತೀರಿ?

ರಂಪೋ ಪಾತ್ರ ಮಾಡಿದ ಅವರು ಇಲ್ಲಿ ನಗಿಸಲು ಹೋಗುವುದಿಲ್ಲ, ಅದಕ್ಕೆ. ಜೋಹಾನ್ಸ್‌ಬರ್ಗ್‌ನಲ್ಲಿ 1913ರಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಇಂಗ್ಲೆಂಡಿಗೆ ಬಂದವರು. ಉಳಿದ ಕ್ಯಾರಿ ಆನ್ ಚಿತ್ರಗಳಲ್ಲಿ ಅವರದು ಹೆಚ್ಚಾಗಿ ಅದೇ ಪೋಲಿ ನಗುವಿನ ಲಂಡನ್ ಗೃಹಸ್ಥ. ಇಲ್ಲಿ ಕಪ್ಪು ಬಟ್ಟೆ ತೊಟ್ಟು, ಅಮೆರಿಕದ ಎಳೆದ ಮಾತಿನ ಧಾಟಿ ಹಿಡಿದು, ನಿಜವಾದ ಖಳನಾಯಕನಂತೆ ನಡೆದಿದ್ದಾರೆ. ಮುಖದಲ್ಲಿ ಗೆರೆಗಳು, ಕಣ್ಣಲ್ಲಿ ಕೆಟ್ಟ ಹೊಳಪು. ಅದೇ ಮುಖವನ್ನು ಗಂಭೀರವಾದ ಒಂದು ವೆಸ್ಟರ್ನ್‌ಗೆ ಕಳಿಸಿದ್ದರೂ ನಡೆಯುತ್ತಿತ್ತು.

ಅಣಕು ಚಿತ್ರಗಳು ಕೆಡುವುದು ಎಲ್ಲರೂ ಸೇರಿ ಹಲ್ಲು ಕಿರಿಯಲು ಹೊರಟಾಗ. ಯಾರಾದರೊಬ್ಬರು ಆ ಲೋಕವನ್ನು ನಂಬಬೇಕು. ಇಲ್ಲಿ ನಂಬಿದವರು ಸಿಡ್. ಮೊದಲ ಮೂರು ಹೆಣಗಳ ದೃಶ್ಯವನ್ನೇ ಮತ್ತೆ ನೋಡಿ. ಗುಂಡು ಹಾರಿಸುವವರೆಗೆ ಅದು ಅಪ್ಪಟ ವೆಸ್ಟರ್ನ್, ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಅದಾದ ಮೇಲೆ ಗೊಣಗುವ ಆ ಒಂದು ಮಾತಿನಲ್ಲಿ ಇಡೀ ಕಟ್ಟಡ ಕುಸಿಯುತ್ತದೆ. ಕಟ್ಟಡ ಗಟ್ಟಿಯಾಗಿರದಿದ್ದರೆ ಕುಸಿತದ ಸದ್ದೂ ಇರುತ್ತಿರಲಿಲ್ಲ.

1976ರಲ್ಲಿ ಸಂಡರ್‌ಲ್ಯಾಂಡ್ ಊರಿನ ಎಂಪೈರ್ ರಂಗಮಂದಿರದಲ್ಲಿ ನಾಟಕ ಆಡುತ್ತಿರುವಾಗಲೇ ವೇದಿಕೆಯ ಮೇಲೆ ಕುಸಿದು ತೀರಿಕೊಂಡರು.

ಉಳಿದವರು?

ಜಡ್ಜ್ ಬರ್ಕ್ ಆಗಿ ಕೆನೆತ್ ವಿಲಿಯಮ್ಸ್. ತಮ್ಮ ಎಂದಿನ ಮೂಗಿನ ರಾಗ ಬಿಟ್ಟು, ಹಲ್ಲಿಲ್ಲದ ಮುದುಕನಂತೆ ಎಳೆಯುವ ಒಂದು ಧ್ವನಿ ತಂದಿದ್ದಾರೆ. ಲಾರೆಲ್ ಮತ್ತು ಹಾರ್ಡಿ ಚಿತ್ರಗಳ ನಿರ್ಮಾಪಕ ಹಾಲ್ ರೋಚ್ ಮಾತನಾಡುತ್ತಿದ್ದ ಧಾಟಿ ಅದು. ತಮ್ಮ ಡೈರಿಯಲ್ಲಿ ಯಾರನ್ನೂ ಬಿಡದೆ ತಿವಿಯುತ್ತಿದ್ದ ವಿಲಿಯಮ್ಸ್ ಈ ಚಿತ್ರವನ್ನು ಮಾತ್ರ ಹೊಗಳಿ ಬರೆದುಕೊಂಡರು.

ಮಾರ್ಷಲ್ ಆಗಿ ಜಿಮ್ ಡೇಲ್. ಮೊದಲು ಪಾಪ್ ಗಾಯಕರಾಗಿದ್ದವರು, ಮುಂದೆ ಬ್ರಾಡ್‌ವೇಗೆ ಹೋಗಿ ರಂಗಭೂಮಿಯ ಟೋನಿ ಪ್ರಶಸ್ತಿ ಪಡೆದರು, ಅಮೆರಿಕದ ಹ್ಯಾರಿ ಪಾಟರ್ ಧ್ವನಿಪುಸ್ತಕಗಳನ್ನು ಓದಿದವರೂ ಅವರೇ. ಬೆಲ್ ಆಗಿ ಜೋನ್ ಸಿಮ್ಸ್. ಮೆಟ್ಟಿಲಿಳಿದು ಬರುವಾಗಲೇ ಸಲೂನು ತನ್ನದೆಂದು ಹೇಳಿಬಿಡುತ್ತಾರೆ. ಕಣ್ಣು ಕಾಣದ ಷರೀಫ್ ಜಾನ್ ಪರ್ಟ್‌ವಿ, ಮುಂದೆ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಮೂರನೆಯ ನಾಯಕ ಆದವರು. ಸಣ್ಣ ಪಾತ್ರ, ಆದರೆ ಸಾಯುವ ಮುಂಚೆ ಸಿಕ್ಕ ಪ್ರತಿ ಕ್ಷಣವನ್ನೂ ದೋಚಿಕೊಂಡು ಹೋಗುತ್ತಾರೆ.

ಡಾಕ್ ಎಂಬ ವೈದ್ಯನ ಪಾತ್ರದ ಪೀಟರ್ ಬಟರ್‌ವರ್ತ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಇದು ಅವರ ಮೊದಲ ಕ್ಯಾರಿ ಆನ್. ಯುದ್ಧಕಾಲದಲ್ಲಿ ಅವರೂ ಬರಹಗಾರ ರಾಥ್‌ವೆಲ್ ಕೂಡ ಜರ್ಮನರ ಸೆರೆಶಿಬಿರದಲ್ಲಿ ಒಟ್ಟಿಗೆ ಇದ್ದರು. ಅಲ್ಲಿಯೇ ಸೇರಿ ಪ್ರಹಸನಗಳನ್ನು ಆಡುತ್ತಿದ್ದರು. ಮರದ ಕುದುರೆಯೊಂದನ್ನು ಹಾರುವ ವ್ಯಾಯಾಮದ ನೆಪದಲ್ಲಿ ಕೆಳಗೆ ಸುರಂಗ ತೋಡಿದ ಪ್ರಸಿದ್ಧ ಘಟನೆ ನಡೆದಾಗ ಹಾರುತ್ತಿದ್ದವರಲ್ಲಿ ಬಟರ್‌ವರ್ತ್ ಕೂಡ ಒಬ್ಬರು. ಅದೇ ಕಥೆ 1950ರಲ್ಲಿ ಸಿನಿಮಾ ಆದಾಗ ಪಾತ್ರ ಕೇಳಲು ಹೋದರೆ, ನಿಮ್ಮನ್ನು ನೋಡಿದರೆ ಅಂಥ ಸಾಹಸಿಯಂತೆ ಕಾಣುವುದಿಲ್ಲ ಎಂದು ಕಳಿಸಿಬಿಟ್ಟರಂತೆ. ಈ ಪ್ರಸಂಗವೇ ಒಂದು ಕ್ಯಾರಿ ಆನ್.

ಅಷ್ಟು ಕಸುಬುಗಳಿರುವಾಗ ನಾಯಕ ಚರಂಡಿಯವನೇ ಯಾಕೆ?

ಇಡೀ ಚಿತ್ರದ ಜೀವಾಳ ಇಲ್ಲಿದೆ ಎಂಬುದು ನನ್ನ ಗಟ್ಟಿ ನಂಬಿಕೆ. ಇಂಗ್ಲಿಷ್ ಹಾಸ್ಯಕ್ಕೆ ಶೌಚಾಲಯ ಎಂದರೆ ಬತ್ತದ ಬಾವಿ, ಅದು ಒಂದು ಕಾರಣ. ರೆಡ್ ಇಂಡಿಯನ್ ಮುಖಂಡ ಗುಡಾರದಿಂದ ಹೊರಬರುವಾಗ ಹಿಂದಿನಿಂದ ಫ್ಲಷ್ ಮಾಡಿದ ಸದ್ದು ಕೇಳಿಸುತ್ತದೆ. ಆ ಸದ್ದಿಗೇ ಇಂಗ್ಲಿಷರು ಬಿದ್ದು ಬಿದ್ದು ನಗುತ್ತಾರೆ.

ಇನ್ನೊಂದು ಕಾರಣ ಸ್ವಲ್ಪ ಆಳದ್ದು. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ಪಾರ್ಲಿಮೆಂಟಿನಲ್ಲಿ ಕೂರುವುದೇ ಕಷ್ಟವಾಯಿತು. ಆಮೇಲೆ ಜೋಸೆಫ್ ಬ್ಯಾಝಲ್‌ಜೆಟ್ ಎಂಬ ಎಂಜಿನಿಯರ್ ಲಂಡನ್ನಿನ ಅಡಿಯಲ್ಲಿ ಕಟ್ಟಿದ ಒಳಚರಂಡಿ ಜಾಲ ವಿಕ್ಟೋರಿಯಾ ಕಾಲದ ದೊಡ್ಡ ಹೆಮ್ಮೆಗಳಲ್ಲೊಂದು. ಆ ಕಾಲದಲ್ಲಿ ಒಬ್ಬ ಇಂಗ್ಲಿಷ್ ಎಂಜಿನಿಯರ್ ಅಮೆರಿಕಕ್ಕೆ ಚರಂಡಿ ಕಲಿಸಲು ಹೊರಟ ಎಂದರೆ ಅದು ಅಸಾಧ್ಯದ ಮಾತೇನಲ್ಲ. ಅಮೆರಿಕದವರ ಪುರಾಣ ಕೋವಿಯದು, ಇಂಗ್ಲಿಷರದು ಕೊಳವೆಯದು. ಕೋವಿ ಹಿಡಿಯಲು ಬಾರದವನು ಬೀದಿಯ ಮೇಲಿನ ಯುದ್ಧವನ್ನು ಬೀದಿಯ ಕೆಳಗಿನ ತನ್ನ ಕಸುಬಿನಿಂದ ಗೆಲ್ಲುತ್ತಾನೆ. ಆ ಮ್ಯಾನ್‌ಹೋಲ್ ಮುಚ್ಚಳಗಳು ಏಳುವ ಬೀಳುವ ಲಯವನ್ನು ನೋಡಿದಾಗಲೆಲ್ಲ ಒಂದು ದೇಶ ಇನ್ನೊಂದರ ವೀರಗಾಥೆಯನ್ನು ಇದಕ್ಕಿಂತ ಅಚ್ಚುಕಟ್ಟಾಗಿ ಕೆಳಗಿಳಿಸಲು ಸಾಧ್ಯವೆ ಎನಿಸುತ್ತದೆ.

ಬ್ರಿಟಿಷರು ಮಾಡಿದ ಮೊದಲ ವೆಸ್ಟರ್ನ್ ಅಣಕ ಇದೇ ಏನು?

ಹಾಗೆ ಹೇಳುವವರಿದ್ದಾರೆ, ತಪ್ಪು. 1956ರಲ್ಲಿ ಆರ್ಥರ್ ಆಸ್ಕಿ ನಟಿಸಿದ ‘ರ‍್ಯಾಮ್ಸ್‌ಬಾಟಮ್ ರೈಡ್ಸ್ ಅಗೇನ್’ ಬಂತು. 1958ರಲ್ಲಿ ‘ದಿ ಷರೀಫ್ ಆಫ್ ಫ್ರ್ಯಾಕ್ಚರ್ಡ್ ಜಾ’ ಬಂತು. ಅದರಲ್ಲಿ ಕೆನೆತ್ ಮೋರ್ ಕೋವಿ ಮಾರಲು ಅಮೆರಿಕಕ್ಕೆ ಹೋಗಿ ಷರೀಫ್ ಆಗಿಬಿಡುವ ಇಂಗ್ಲಿಷ್ ಸಜ್ಜನ. ಅಂದರೆ ‘ದಾರಿ ತಪ್ಪಿ ಬಂದ ಇಂಗ್ಲಿಷಿನವನು’ ಎಂಬ ಎಳೆ ಹೊಸದಲ್ಲ. ಹಾಲಿವುಡ್‌ನಲ್ಲೂ 1948ರ ‘ದಿ ಪೇಲ್‌ಫೇಸ್’ನಲ್ಲಿ ಬಾಬ್ ಹೋಪ್ ಹಲ್ಲಿನ ಡಾಕ್ಟರ್, ಅವನ ಪರವಾಗಿ ಗುಂಡು ಹಾರಿಸುವವಳು ಜೇನ್ ರಸೆಲ್. ಮಾರ್ಷಲ್ ಮತ್ತು ಆ್ಯನಿಯ ಜೋಡಿಗೆ ಅವರು ದೊಡ್ಡಪ್ಪ ದೊಡ್ಡಮ್ಮ.

ಕುತೂಹಲದ ಸಂಗತಿಯೊಂದಿದೆ. ಮೇಲೆ ಹೇಳಿದ ಎರಡು ಬ್ರಿಟಿಷ್ ಚಿತ್ರಗಳಲ್ಲೂ ಸಿಡ್ ಜೇಮ್ಸ್ ಇದ್ದಾರೆ. ಮೂರನೆಯ ಸಲಕ್ಕೆ ಅವರಿಗೆ ಊರೇ ಸಿಕ್ಕಿತು. ಇನ್ನು ಇಲ್ಲಿ ಆ್ಯನಿಯಾದ ಆ್ಯಂಜೆಲಾ ಡಗ್ಲಸ್ ಮುಂದೆ ಮದುವೆಯಾದದ್ದು ಆ ಕೆನೆತ್ ಮೋರ್ ಅವರನ್ನೇ.

ಆ್ಯನಿ ಓಕ್ಲಿ ಎಂಬಾಕೆ ನಿಜವಾಗಿಯೂ ಇದ್ದಳೆ?

ಇದ್ದಳು, 1860ರಿಂದ 1926ರವರೆಗೆ. ಒಹಾಯೋದಲ್ಲಿ ಹುಟ್ಟಿ, ಬಫಲೋ ಬಿಲ್‌ನ ಪ್ರದರ್ಶನ ತಂಡದಲ್ಲಿ ಗುರಿಕಾರಿಕೆಯಿಂದ ಜಗತ್ಪ್ರಸಿದ್ಧಳಾದಳು. ಷರೀಫನ ಮಗಳೂ ಅಲ್ಲ, ಸೇಡಿನ ಕಥೆಯೂ ಇಲ್ಲ. ಚರಿತ್ರೆಯ ಪರೀಕ್ಷೆಗೆ ಈ ಚಿತ್ರ ನೋಡಿಕೊಂಡು ಹೋಗಬೇಡಿ.

ಹಾಡುಗಳಿವೆಯೆ?

ಶೀರ್ಷಿಕೆಯ ಹಾಡು ಇದೆ. ಈ ಮಾಲಿಕೆಯಲ್ಲಿ ಶೀರ್ಷಿಕೆಗೆ ಹಾಡು ಬಂದದ್ದು ಇದೇ ಮೊದಲು. ವೆಸ್ಟರ್ನ್ ಎಂದ ಮೇಲೆ ಶುರುವಿಗೆ ಒಬ್ಬ ಗಂಡಸು ಹಾಡಲೇಬೇಕಲ್ಲ. ಸಲೂನಿನಲ್ಲಿ ಆ್ಯಂಜೆಲಾ ಡಗ್ಲಸ್ ಒಂದು ಹಾಡು ಹಾಡುತ್ತಾರೆ. ಸಂಗೀತ ಎರಿಕ್ ರೋಜರ್ಸ್ ಅವರದು. ಅವರೂ ಅಣಕಿಸಲು ಹೋಗದೆ, ನಿಜವಾದ ವೆಸ್ಟರ್ನ್‌ಗೆ ಬರೆದಂತೆಯೇ ಬರೆದಿದ್ದಾರೆ.

ಮೂಲನಿವಾಸಿಗಳನ್ನು ತೋರಿಸಿರುವ ರೀತಿ ಸರಿಯೆ?

ಸರಿಯಲ್ಲ. ಮುಖಂಡ ಬಿಗ್ ಹೀಪ್ ಆಗಿ ಚಾರ್ಲ್ಸ್ ಹಾಟ್ರಿ, ಅವನ ಮಗ ಲಿಟಲ್ ಹೀಪ್ ಆಗಿ ಬರ್ನಾರ್ಡ್ ಬ್ರೆಸ್ಲಾ. ಇಬ್ಬರೂ ಬಿಳಿಯರು, ಬಣ್ಣ ಬಳಿದುಕೊಂಡವರು. ಹೆಸರುಗಳೇ (ದೊಡ್ಡ ರಾಶಿ, ಚಿಕ್ಕ ರಾಶಿ) ಗೇಲಿ, ಹೆಂಡದ ಜೋಕುಗಳು ಬೇರೆ. ಹಾಟ್ರಿ ತಮ್ಮ ಸಣಕಲು ದೇಹ, ದುಂಡು ಕನ್ನಡಕ, ಅಪ್ಪಟ ಇಂಗ್ಲಿಷ್ ಉಚ್ಚಾರ ಯಾವುದನ್ನೂ ಬದಲಿಸಿಲ್ಲ, ಆದ್ದರಿಂದ ನಗು ಇಂಗ್ಲಿಷರ ಮೇಲೇ ತಿರುಗುತ್ತದೆ ಎಂದು ಸಮರ್ಥಿಸುವವರಿದ್ದಾರೆ. ಆ ಮಾತಿನಲ್ಲಿ ಅರ್ಧ ಹುರುಳಿದೆ. ಹಾಟ್ರಿ ಬಂದಾಗ ನಾನೂ ನಗುತ್ತೇನೆ. ಆದರೆ ನೆಲ ಕಳೆದುಕೊಂಡ ಜನರ ಹೆಸರಿನಲ್ಲಿ ಆ ನಗು ಬರುತ್ತಿದೆ ಎಂಬುದೂ ನೆನಪಾಗುತ್ತದೆ. ನಮ್ಮನ್ನೇ ಇದೇ ತಂಡ ಹೇಗೆ ತೋರಿಸಿತು ಎಂದು ನೋಡಬೇಕಾದರೆ 1968ರ ‘ಕ್ಯಾರಿ ಆನ್ ಅಪ್ ದಿ ಖೈಬರ್’ ಇದೆ. ಖೈಬರ್ ಕಣಿವೆಗೆ ವೇಲ್ಸ್‌ನ ಸ್ನೋಡನ್ ಬೆಟ್ಟ ವೇಷ ಹಾಕಿದೆ, ಕಂದು ಬಣ್ಣ ಬಳಿದುಕೊಂಡ ಕೆನೆತ್ ವಿಲಿಯಮ್ಸ್ ಭಾರತದ ರಾಜ. ಅದನ್ನು ನೋಡುವಾಗ ನಮಗಾಗುವ ಇರಿಸುಮುರಿಸೇ ಇದಕ್ಕೂ ಅಳತೆಗೋಲು.

ಮನೆಮಂದಿಯೆಲ್ಲ ಕೂತು ನೋಡಬಹುದೆ?

ಬಟ್ಟೆ ಬಿಚ್ಚುವ ಚಿತ್ರವಲ್ಲ, ದ್ವಂದ್ವಾರ್ಥದ ಚಿತ್ರ. ಕೋವಿಯ ಗಾತ್ರ ಕುರಿತ ಮಾತುಗಳು ಕೋವಿಯವಲ್ಲ ಎಂದು ದೊಡ್ಡವರಿಗೆ ತಿಳಿಯುತ್ತದೆ, ಚಿಕ್ಕವರಿಗೆ ತಿಳಿಯುವುದಿಲ್ಲ. ಚಿಕ್ಕವರು ಕುದುರೆ ಮತ್ತು ಮ್ಯಾನ್‌ಹೋಲ್ ನೋಡಿಕೊಂಡು ಹಾಯಾಗಿರುತ್ತಾರೆ. ಕಷ್ಟ ಹದಿಮೂರು ಹದಿನಾಲ್ಕರ ವಯಸ್ಸಿನವರದು. ಅವರಿಗೆ ಅರ್ಥವೂ ಆಗುತ್ತದೆ, ಅಪ್ಪ ಅಮ್ಮನ ಪಕ್ಕ ನಗಲೂ ಆಗುವುದಿಲ್ಲ.

ನಟರಿಗೆ ಒಳ್ಳೆಯ ದುಡ್ಡು ಸಿಕ್ಕಿತೆ?

ಇಲ್ಲ. ಮುಖ್ಯ ನಟರಿಗೆ ಚಿತ್ರಕ್ಕೆ 5,000 ಪೌಂಡು, ನಟಿಯರಿಗೆ ಅದರ ಅರ್ಧ 2,500 ಪೌಂಡು ಎಂಬುದು ಈ ಮಾಲಿಕೆಯ ಕುಖ್ಯಾತ ದರಪಟ್ಟಿ. ಟಿವಿಯಲ್ಲಿ ಎಷ್ಟು ಸಲ ಮರುಪ್ರಸಾರವಾದರೂ ಅವರಿಗೆ ಬಿಡಿಗಾಸಿಲ್ಲ. ಜೋನ್ ಸಿಮ್ಸ್ ಇಪ್ಪತ್ತನಾಲ್ಕು ಕ್ಯಾರಿ ಆನ್ ಚಿತ್ರಗಳಲ್ಲಿ ನಟಿಸಿದವರು, ಲೆಕ್ಕ ಹಾಕಿಕೊಳ್ಳಿ.

‘ಬ್ಲೇಜಿಂಗ್ ಸ್ಯಾಡಲ್ಸ್’ಗಿಂತ ಇದು ಮೇಲೆ?

ಮೆಲ್ ಬ್ರೂಕ್ಸ್ ಅವರ ಆ ವೆಸ್ಟರ್ನ್ ಅಣಕ ಬಂದದ್ದು ಒಂಬತ್ತು ವರ್ಷ ತಡವಾಗಿ, 1974ರಲ್ಲಿ. ಅದಕ್ಕೆ ಸಿಟ್ಟಿದೆ, ವರ್ಣಭೇದದ ಮುಖಕ್ಕೆ ಕನ್ನಡಿ ಹಿಡಿಯಲೇ ಹೊರಟ ಚಿತ್ರ ಅದು. ಇದಕ್ಕೆ ಸಿಟ್ಟಿಲ್ಲ, ತುಂಟತನವಷ್ಟೇ. ತೂಕಕ್ಕೆ ಹಾಕಿದರೆ ಬ್ರೂಕ್ಸ್ ಗೆಲ್ಲುತ್ತಾರೆ. ಆದರೆ ಮಳೆ ಸುರಿಯುವ ಭಾನುವಾರ ಮಧ್ಯಾಹ್ನ ನನ್ನ ಕೈ ಹೋಗುವುದು ಇದರ ಕಡೆಗೇ.

ಇದು ಹಿಡಿಸಿದರೆ ಮುಂದೆ ಯಾವುದನ್ನು ನೋಡಲಿ?

ಇದರ ಹಿಂದಿನದು, 1964ರ ‘ಕ್ಯಾರಿ ಆನ್ ಕ್ಲಿಯೋ’. ಎಲಿಜಬೆತ್ ಟೇಲರ್ ಅವರ ದುಬಾರಿ ‘ಕ್ಲಿಯೋಪಾತ್ರ’ಕ್ಕಾಗಿ ಪೈನ್‌ವುಡ್‌ನಲ್ಲಿ ಕಟ್ಟಿ ಬಿಟ್ಟುಹೋದ ಸೆಟ್ಟುಗಳಲ್ಲೇ ಅದನ್ನು ಚಿತ್ರಿಸಿದರು. ಪೋಸ್ಟರ್ ತೀರಾ ಮೂಲದಂತೆಯೇ ಇದೆ ಎಂದು ಆ ಹಾಲಿವುಡ್ ಕಂಪನಿ ಕೋರ್ಟಿಗೂ ಹೋಯಿತು. ಆಮೇಲೆ ಇದರ ಮುಂದಿನದು, ಭೂತಪ್ರೇತದ ಚಿತ್ರಗಳನ್ನು ಗೇಲಿ ಮಾಡುವ 1966ರ ‘ಕ್ಯಾರಿ ಆನ್ ಸ್ಕ್ರೀಮಿಂಗ್’. ಈ ಮೂರನ್ನು ನೋಡಿದ ಮೇಲೆ ಎಪ್ಪತ್ತರ ದಶಕದ ಕೊನೆಯವುಗಳ ಕಡೆಗೆ ಹೋಗದಿದ್ದರೂ ನಷ್ಟವಿಲ್ಲ.